ಪಾಪಣ್ಣನಿಗೆ ಬಾಲ ಎಲ್ಲಿಂದ ಬಂತು?

ನಮಸ್ಕಾರ ಮೇಡಂ,

ನೀವು ಕಳಿಸಿದ ಮಕ್ಕಳ ಚಿತ್ರಪುಸ್ತಕದ ಕರಡು ಓದಿದೆ. ಈಗ ಇರುವ ಹಾಗೆ ಅದನ್ನು ನಾವು ಅಚ್ಚು ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಯಾಕಂದ್ರೆ 'ಸುಮ್ನೆ ಚೆನ್ನಾಗಿದೆ ಅಂತ ಬರೆದು ವಾಪಸ್ ಕಳಿಸಬೇಡಿ' ಅಂತ ನೀವೇ ಕೇಳಿದ್ದೀರಿ. ಉತ್ತರವನ್ನು ಎಲ್ಲರೂ ಓದುವಂತೆ ಹಾಕಲು ಒಪ್ಪಿದ್ದಕ್ಕೆ ಥ್ಯಾಂಕ್ಸ್. ಚಿತ್ರ ಬರೆಯುವ, ಮಕ್ಕಳನ್ನು ನಗಿಸುವ ಆಸೆ ಇರುವ ಇನ್ನೂ ಕೆಲವರಿಗೆ ಇದು ಬೇಕಾಗುತ್ತದೆ.

ಅವರಿಗಾಗಿ ಕಥೆ ನಾಲ್ಕು ಮಾತಿನಲ್ಲಿ. ತುಮಕೂರಿನ ಹತ್ತಿರ ನಾಗವಲ್ಲಿಯ ಬೇಲಿಯಲ್ಲಿ ಪಾಪಣ್ಣ ಅನ್ನುವ ಕಾಡುಪಾಪ (ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್ ಅನ್ನುವ ಪುಟ್ಟ ಪ್ರಾಣಿ) ಇದ್ದಾನೆ. ರಾತ್ರಿ ನಿದ್ದೆ ಬರುವುದಿಲ್ಲ, ಕಣ್ಣು ಬೇರೆ ದೊಡ್ಡವು. ಇಷ್ಟೇ ಯೋಗ್ಯತೆ ಹಿಡಿದುಕೊಂಡು ತಿಪಟೂರಿಗೆ ಹೋಗಿ, ಕೊಬ್ಬರಿ ಸಾಹುಕಾರರೊಬ್ಬರ ಅಟ್ಟದಲ್ಲಿ ರಾತ್ರಿ ಕಾವಲಿಗೆ ಸೇರುತ್ತಾನೆ. ಕಳ್ಳರು ಬರುತ್ತಾರೆ. ಕತ್ತಲಲ್ಲಿ ಎರಡು ಕಣ್ಣು ಕಂಡು ಓಡುತ್ತಾರೆ. ಆಮೇಲೆ ಪಾಪಣ್ಣ ಆರು ಪುಟ ಭಾಷಣ ಮಾಡುತ್ತಾನೆ.

ಕಥೆಯ ಎಳೆ ಬಹಳ ಚೆನ್ನಾಗಿದೆ. ನಾಗವಲ್ಲಿಯ ಕಾಡುಪಾಪ, ತಿಪಟೂರಿನ ಕೊಬ್ಬರಿ, ಎರಡೂ ನಮ್ಮ ಜಿಲ್ಲೆಯವೇ. ಆದರೂ ಇವೆರಡನ್ನು ಒಂದೇ ಅಟ್ಟಕ್ಕೆ ಹತ್ತಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಮೂರನೇ ಪುಟದ ಸಾಹುಕಾರರಂತೂ ಜೀವಂತ. ಒಂದು ಕೈಯಲ್ಲಿ ಗಿಟುಕನ್ನು (ಒಣಗಿದ ಕೊಬ್ಬರಿಕಾಯಿ) ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾ, ಎದುರು ನಿಂತ ಪಾಪಣ್ಣನನ್ನು ತೂಕಕ್ಕೆ ಹಾಕುವವರಂತೆ ನೋಡುತ್ತಿದ್ದಾರೆ. ಆರೇಳು ಗೆರೆ, ಅಷ್ಟೇ. ಇದನ್ನು ನೀವು ಮಾರುಕಟ್ಟೆಯಲ್ಲಿ ಕೂತು ಬರೆದಿದ್ದೀರಿ ಅಂತ ಹೇಳಬಲ್ಲೆ.

ಪಾಪಣ್ಣನನ್ನು ಮಾತ್ರ ಹಾಗೆ ಬರೆದಿಲ್ಲ. ಅವನಿಗೆ ಉದ್ದನೆಯ, ಪಟ್ಟೆಪಟ್ಟೆ ಬಾಲ ಇದೆ. ಕಾಡುಪಾಪಕ್ಕೆ ಬಾಲ ಎಲ್ಲಿದೆ ಮೇಡಂ? ಫೋನಿನಲ್ಲಿ ಹುಡುಕಿದಾಗ ಮಡಗಾಸ್ಕರ್‌ನ ಲೆಮೂರ್ ಸಿಕ್ಕಿರಬೇಕು. ಅದೂ ಇದೂ ದೂರದ ನೆಂಟರು, ನಿಜ. ಆದರೆ ನಾಗವಲ್ಲಿಯ ಮಕ್ಕಳು ಈ ಪುಸ್ತಕ ನೋಡಿದರೆ ಮೊದಲು ನಗುವುದು ಕಥೆಗಲ್ಲ, ನಿಮಗೆ.

'ಹಾಸ್ಯ ತಾನೇ, ಏನು ಬೇಕಾದರೂ ಬರೆಯಬಹುದು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುಳ್ಳು ಒಂದೇ ಇರಲಿ, ದೊಡ್ಡದಿರಲಿ. ಕಾಡುಪಾಪ ಕೆಲಸಕ್ಕೆ ಸೇರಿತು ಅನ್ನುವುದು ದೊಡ್ಡ ಸುಳ್ಳು. ಅದನ್ನು ಮಗು ಖುಷಿಯಾಗಿ ನಂಬುತ್ತದೆ. ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರಬೇಕು. ಐದನೇ ಪುಟದಲ್ಲಿ ಪಾಪಣ್ಣ ಕೊಬ್ಬರಿ ಮಿಠಾಯಿ ತಿನ್ನುತ್ತಾನೆ. ಕಾಡುಪಾಪದ ಮುಖ್ಯ ಊಟ ಹುಳುಹುಪ್ಪಟೆ. ಕೊಬ್ಬರಿಯತ್ತ ತಿರುಗಿಯೂ ನೋಡದ ಕಾವಲುಗಾರ ಸಾಹುಕಾರರಿಗೆ ಇನ್ನೆಲ್ಲಿ ಸಿಗುತ್ತಾನೆ ಹೇಳಿ? ಸಂಬಳದ ಚೌಕಾಸಿ ಜಿರಳೆ ಲೆಕ್ಕದಲ್ಲಿ ನಡೆಯಲಿ. ನಿಜ ಸಂಗತಿ ನಿಮಗೆ ಪುಕ್ಕಟೆ ಹಾಸ್ಯ ಕೊಡುತ್ತಿತ್ತು, ನೀವು ಮಿಠಾಯಿ ಕೊಟ್ಟು ಅದನ್ನು ಹಾಳು ಮಾಡಿದ್ದೀರಿ.

ಇನ್ನೊಂದು ಇದೆ. ಕಾಡುಪಾಪ ತನ್ನ ಉಚ್ಚೆಯನ್ನೇ ಕೈಕಾಲಿಗೆ ಹಚ್ಚಿಕೊಂಡು ಉಜ್ಜಿಕೊಳ್ಳುತ್ತದೆ. ಯಾಕೆ ಅಂದ್ರೆ ವಿಜ್ಞಾನಿಗಳು ಬೇರೆ ಬೇರೆ ಕಾರಣ ಹೇಳುತ್ತಾರೆ, ಬಿಡಿ. ಆರು ವರ್ಷದ ಮಗುವಿಗೆ ಕಾರಣ ಯಾಕೆ ಬೇಕು? ಪುಟದ ಮೇಲೆ ಇಷ್ಟೇ ಬರೆಯಿರಿ: 'ಪಾಪಣ್ಣ ಚೆನ್ನಾಗಿ ಕೈ ತೊಳೆದುಕೊಂಡು ಬಂದ. ಸಾಹುಕಾರರು ಕೈ ಕುಲುಕಿದರು.' ಹೇಗೆ ತೊಳೆದುಕೊಂಡ ಅನ್ನುವುದು ಚಿತ್ರದಲ್ಲಿರಲಿ. ದೊಡ್ಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಮಕ್ಕಳು ಆ ಪುಟವನ್ನು ಹರಿಯುವ ತನಕ ಬಿಡುವುದಿಲ್ಲ.

ಇಡೀ ಪುಸ್ತಕದಲ್ಲಿ ನನ್ನ ತಕರಾರು ಇದೇ. ಚಿತ್ರ ಹೇಳಿದ್ದನ್ನೇ ನಿಮ್ಮ ಮಾತು ಇನ್ನೊಮ್ಮೆ ಹೇಳುತ್ತದೆ. ಏಳನೇ ಪುಟ ನೋಡಿ. 'ಪಾಪಣ್ಣ ಅಟ್ಟದ ಮೇಲೆ ಕುಳಿತು ಕಣ್ಣರಳಿಸಿ ಬಾಗಿಲನ್ನು ಕಾಯುತ್ತಿದ್ದನು. ಅವನ ಬೆನ್ನ ಹಿಂದೆ ಇಲಿಗಳು ಕೊಬ್ಬರಿಯನ್ನು ಉರುಳಿಸಿಕೊಂಡು ಹೋಗುತ್ತಿದ್ದವು.' ಚಿತ್ರದಲ್ಲೂ ಅದೇ ಇದೆ. ಹಾಗಾದರೆ ಮಗುವಿಗೆ ಕಂಡುಹಿಡಿಯಲು ಏನು ಉಳಿಯಿತು? ಅದರ ಬದಲು 'ಆ ರಾತ್ರಿ ಏನೂ ನಡೆಯಲಿಲ್ಲ' ಅಂತಷ್ಟೇ ಬರೆದು ಓದಿ ನೋಡಿ. ಚಿತ್ರ ಒಂದು ಗೆರೆಯೂ ಬದಲಾಗಬೇಕಿಲ್ಲ. ಮಗು 'ಅಯ್ಯೋ, ನಡೀತಿದೆ! ಹಿಂದೆ ನೋಡೋ!' ಅಂತ ಕೂಗುತ್ತದೆ. ಕಥೆ ಹೇಳುವವರಿಗೇ ಗೊತ್ತಿಲ್ಲದ್ದು ತನಗೆ ಗೊತ್ತು ಅನ್ನುವ ಜಂಬ ಇದೆಯಲ್ಲ, ಮಕ್ಕಳ ನಗು ಅರ್ಧ ಬರುವುದೇ ಅಲ್ಲಿಂದ. ಹಗಲಿನ ಪುಟಕ್ಕೂ ಹೀಗೇ ಮಾಡಿ. 'ಹಗಲಿಡೀ ಪಾಪಣ್ಣ ಮೈಮುರಿದು ದುಡಿದ' ಅಂತ ಬರೆಯಿರಿ. ಚಿತ್ರದಲ್ಲಿ ಅವನು ಮುದುಡಿಕೊಂಡು ಗಿಟುಕುಗಳ ನಡುವೆ ಇನ್ನೊಂದು ಗಿಟುಕಾಗಿ ಮಲಗಿರಲಿ.

ಬರೆಯುವವರು ಒಬ್ಬರು, ಚಿತ್ರ ಹಾಕುವವರು ಇನ್ನೊಬ್ಬರು ಆದರೆ ಇದನ್ನು ಮಾಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಗುತ್ತದೆ. ಬರೆದವರಿಗೆ ತಮ್ಮ ವಾಕ್ಯ ಹೋಯಿತು ಅನ್ನುವ ಸಂಕಟ. ನಿಮಗೆ ಆ ಜಗಳವೇ ಇಲ್ಲ. ಎರಡೂ ಕೈ ನಿಮ್ಮವೇ. ಚಿತ್ರ ಮುಗಿದ ಮೇಲೆ ಬರಹಕ್ಕೆ ವಾಪಸ್ ಹೋಗಿ, ಚಿತ್ರ ನುಂಗಿದ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಅಮೆರಿಕದ ಡಾ. ಸ್ಯೂಸ್ ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆಯುತ್ತಿದ್ದವರು. ಪ್ರಕಾಶಕರು ಪಂಥ ಕಟ್ಟಿದರು ಅಂತ 1960ರಲ್ಲಿ ಬರೀ 50 ಪದಗಳನ್ನೇ ತಿರುಗಿಸಿ ಮುರುಗಿಸಿ ಒಂದು ಇಡೀ ಪುಸ್ತಕ ಮಾಡಿದರು. ನಿಮ್ಮ ಮೊದಲ ಪುಟದ ಸೂರ್ಯಾಸ್ತದ ವರ್ಣನೆಯೇ ಅದಕ್ಕಿಂತ ಜಾಸ್ತಿ ಪದ ತಿಂದಿದೆ.

ಪುಟ ತಿರುಗಿಸುವ ವಿಷಯಕ್ಕೆ ಬರೋಣ. ಕಳ್ಳರು ಹತ್ತನೇ ಪುಟದಲ್ಲಿದ್ದಾರೆ, ಅವರನ್ನು ಹೆದರಿಸುವ ಕಣ್ಣು ಹನ್ನೊಂದರಲ್ಲಿದೆ. ಪುಸ್ತಕ ಬಿಚ್ಚಿದಾಗ ಹತ್ತು ಎಡಗಡೆ, ಹನ್ನೊಂದು ಬಲಗಡೆ. ಎರಡೂ ಒಟ್ಟಿಗೇ ಕಂಡವು, ಗುಟ್ಟು ರಟ್ಟಾಯಿತು. ಕಳ್ಳರನ್ನು ಹನ್ನೊಂದಕ್ಕೆ ತಳ್ಳಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಒಳಗೇ ಗಿಟುಕಾಗಿ ಅಲ್ಲಾಡಿದರೆ ಸದ್ದು ಬರುತ್ತದಲ್ಲ, ಆ 'ಗಡಗಡ' ಬಲಪುಟದ ಕೆಳತುದಿಯಲ್ಲಿರಲಿ. ಮಗು ಪುಟ ತಿರುಗಿಸಲಿ. ಹನ್ನೆರಡು, ಹದಿಮೂರು ಎರಡೂ ಪುಟ ತುಂಬ ಬರೀ ಕಣ್ಣು. ಮಾತೇ ಬೇಡ.

ನಿಮ್ಮ ಕಳ್ಳರು ತುಂಬಾ ಸಭ್ಯರು. 'ಅಯ್ಯೋ, ಇದಾವುದೋ ವಿಚಿತ್ರ ಪ್ರಾಣಿ! ಕೂಡಲೇ ಪಲಾಯನ ಮಾಡೋಣ' ಅನ್ನುತ್ತಾರೆ. ಗುಬ್ಬಿ ಸೀಮೆಯ ಯಾವ ಕಳ್ಳ ಹೀಗೆ ಮಾತಾಡುತ್ತಾನೆ? 'ಓಡ್ಲಾ!' ಸಾಕು. ಅದೂ ನೀವು ಗುಬ್ಬಿಯವರು. ನಿಮ್ಮೂರಿನ ವೀರಣ್ಣನವರು ಸದಾರಮೆ ನಾಟಕದ ಕಳ್ಳನ ಪಾತ್ರದಿಂದಲೇ ನಾಡನ್ನು ನಗಿಸಿದವರು. ಕಳ್ಳ ಅಂದರೆ ಎಷ್ಟು ದೊಡ್ಡ ಹಾಸ್ಯಪಾತ್ರ ಅಂತ ನಿಮಗೆ ನಾನು ಹೇಳಿಕೊಡಬೇಕೇ? ಇವರಿಬ್ಬರಿಗೆ ಒಂದೊಂದು ಚಟ ಕೊಡಿ. ಒಬ್ಬನಿಗೆ ಸೀನು ಬರಲಿ, ಇನ್ನೊಬ್ಬ ಕದಿಯುವ ಮುಂಚೆ ಚೌಕಾಸಿ ಮಾಡಲಿ.

ಈಗ ಆ ಭಾಷಣ. ಹದಿನೇಳರಿಂದ ಇಪ್ಪತ್ತೆರಡನೇ ಪುಟದವರೆಗೆ ಪಾಪಣ್ಣ ಪರಿಸರ, ಪ್ರಾಮಾಣಿಕತೆ, ಸಮಯಪಾಲನೆ ಎಲ್ಲದರ ಬಗ್ಗೆ ಮಾತಾಡಿದ್ದಾನೆ. ತೆಗೆಯಿರಿ. 'ನೀತಿ ಇಲ್ಲದಿದ್ದರೆ ಶಾಲೆಯವರು ಕೊಳ್ಳುವುದಿಲ್ಲ' ಅಂತ ಪತ್ರದಲ್ಲಿ ಬರೆದಿದ್ದೀರಿ. ಕೆಲವರು ಕೊಳ್ಳದೇ ಇರಬಹುದು, ಹೌದು. ಆದರೆ ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ನೆನಪಿಸಿಕೊಳ್ಳಿ. ಅದರಲ್ಲೂ ಜಂಬಕ್ಕೆ ಪಾಠ ಇದೆ. ಆ ಪಾಠವನ್ನು ಕಲಿಸುವುದು ನೀರಿಗೆ ಬಿದ್ದು ಸ್ವರ ಕೆಟ್ಟ ತುತ್ತೂರಿ. ಮೇಷ್ಟ್ರು ಎದ್ದು ಬಂದು ಆರು ಕಡೆ ವಿವರಿಸುವುದಿಲ್ಲ.

ಆ ಆರು ಪುಟ ಹೋದರೆ ಇನ್ನೊಂದು ಲಾಭ ಇದೆ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಇಪ್ಪತ್ತೆರಡು ಆಗುವುದಿಲ್ಲ, ಹದಿನಾರು ಸರಿಯಾಗಿ ಕೂರುತ್ತದೆ. ಅಚ್ಚಿನ ಮನೆಗೆ ಒಮ್ಮೆ ಹೋಗಿ ಬನ್ನಿ. ನಿಮ್ಮದು ಹೆಚ್ಚಾಗಿ ರಾತ್ರಿಯ ಕಥೆ, ಅದಕ್ಕೇ ಪುಟಕ್ಕೆ ಪುಟ ಕಪ್ಪು ಬಳಿದಿದ್ದೀರಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಬೇರೆ. ಶಾಯಿ ಒಂಚೂರು ಹರಡಿದರೂ ನಮ್ಮ ಒತ್ತಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಅಕ್ಷರ ಕೂಡಿಸಿ ಓದುವ ಮಗು ಅಲ್ಲೇ ಪುಸ್ತಕ ಕೆಳಗಿಡುತ್ತದೆ. ಬಂಗಾಳದ ಸುಕುಮಾರ್ ರೇ ಅಸಂಬದ್ಧ ಪದ್ಯಗಳನ್ನು ಬರೆದು, ಚಿತ್ರವನ್ನೂ ತಾವೇ ಹಾಕಿ ಮಕ್ಕಳನ್ನು ನಗಿಸಿದವರು. ಅವರು 1911ರಲ್ಲಿ ಇಂಗ್ಲೆಂಡಿಗೆ ಹೋಗಿದ್ದು ಸಾಹಿತ್ಯ ಓದಲು ಅಲ್ಲ, ಮುದ್ರಣ ಕಲಿಯಲು. ತಮ್ಮ ಗೆರೆ ಕಾಗದದ ಮೇಲೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಕೊನೆಗೆ ನಿಮ್ಮ ಪ್ರಶ್ನೆ. ಚಿತ್ರಕಲಾ ಶಿಕ್ಷಕಿಯ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೇ ಅಂತ ಕೇಳಿದ್ದೀರಿ. ಬೇಡ. ಕನ್ನಡದಲ್ಲಿ ಮಕ್ಕಳ ಪುಸ್ತಕ ಬರೆದು ಮನೆ ನಡೆಸುವುದು ಕಷ್ಟ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ. ಮೊತ್ತ 50,000 ರೂಪಾಯಿ. ಅದು ನಿಮಗೇ ಬಂತು ಅಂತಲೇ ಇಟ್ಟುಕೊಳ್ಳಿ, ಎಷ್ಟು ತಿಂಗಳ ಬಾಡಿಗೆ, ರೇಷನ್ನು ನಡೆಯುತ್ತದೆ ಅಂತ ಲೆಕ್ಕ ಹಾಕಿ. ಅದೂ ಅಲ್ಲದೆ ನಿಮ್ಮ ತರಗತಿಯಂಥ ಜಾಗ ಯಾವ ಲೇಖಕರಿಗೆ ಸಿಗುತ್ತದೆ? ಕರಡನ್ನು ಮಕ್ಕಳ ಮುಂದೆ ಜೋರಾಗಿ ಓದಿ. 'ಚೆನ್ನಾಗಿದೆಯಾ?' ಅಂತ ಮಾತ್ರ ಕೇಳಬೇಡಿ, ಟೀಚರ್ ಕೇಳಿದರೆ ಎಲ್ಲರೂ ಹೌದು ಅಂತಾರೆ. ಯಾವ ಪುಟದಲ್ಲಿ ಕಿಟಕಿ ಕಡೆ ನೋಡಿದರು ಅಂತ ಗುರುತು ಹಾಕಿಕೊಳ್ಳಿ. ಗುಬ್ಬಿಯಿಂದ ತಿಪಟೂರಿಗೆ ರೈಲಿದೆ. ರಜೆಯಲ್ಲಿ ಸ್ಕೆಚ್ ಪುಸ್ತಕ ಹಿಡಿದು ಹತ್ತಿ, ಫೋನು ಚೀಲದಲ್ಲಿರಲಿ. ಇನ್ನಷ್ಟು ಸಾಹುಕಾರರು ಸಿಗುತ್ತಾರೆ. ಬೇರೆಯವರು ಚಿತ್ರಪುಸ್ತಕ ಹೇಗೆ ಕಟ್ಟುತ್ತಾರೆ ನೋಡಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ್ದೂ ಬೇಕಾದಷ್ಟಿವೆ, ದುಡ್ಡು ಕೊಡಬೇಕಿಲ್ಲ. ಎಲ್ಲವೂ ಚೆನ್ನಾಗಿಲ್ಲ. ಚೆನ್ನಾಗಿಲ್ಲದವನ್ನೂ ನೋಡಿ.

ಮತ್ತೆ ಕಳಿಸುವಾಗ ಬಣ್ಣ ಹಾಕುವ ಗೋಜಿಗೆ ಹೋಗಬೇಡಿ. ಎ4 ಹಾಳೆ ಮಡಚಿ ಹದಿನಾರು ಪುಟದ ಕೈಪುಸ್ತಕ ಮಾಡಿ, ಪೆನ್ಸಿಲ್ ಗೆರೆ ಸಾಕು. ನಡುಮಡಿಕೆಯಲ್ಲಿ ಯಾರ ಮುಖವೂ ಬರದಂತೆ ನೋಡಿಕೊಳ್ಳಿ. ಸಾಹುಕಾರರ ಚಿತ್ರ ಮಾತ್ರ ಮುಟ್ಟಬೇಡಿ, ಅದು ಹಾಗೇ ಇರಲಿ. ಮೂಲಪ್ರತಿಯನ್ನು ಅಂಚೆಗೆ ಹಾಕಬೇಡಿ, ಜೆರಾಕ್ಸ್ ಕಳಿಸಿ. ಹೊಸ ಪಾಪಣ್ಣ ಬಂದ ಮೇಲೆ ಸಂಭಾವನೆಯ ಮಾತಾಡೋಣ.

ಇಂತಿ,
ಸಂಪಾದಕ