ಕನ್ನಡಕದ ನಂಬರ್ ಏರಿದರೆ ಫೋಕಸ್ ಹತ್ತಿರ ಬರೋದು ಯಾಕೆ?

ಪ್ರಶ್ನೆ: ಬಲೆ ಸರಿಮಾಡುವಾಗ ಅಪ್ಪ ಹಾಕಿಕೊಳ್ಳುವ ಕನ್ನಡಕ +2.50, ನನ್ನದು -2.00. ಈ ನಂಬರಿಗೂ ಶಾಲೆಯಲ್ಲಿ ಓದಿದ ಸಂಗಮ ದೂರಕ್ಕೂ ಏನು ಸಂಬಂಧ? ಪವರ್ ಜಾಸ್ತಿ ಇದ್ದರೆ ದೂರವೂ ಜಾಸ್ತಿ ಇರಬೇಕಲ್ವಾ?
– ಓದುಗರೊಬ್ಬರು, ಬೈತಖೋಲ, ಕಾರವಾರ

ಉತ್ತರ: ಇಲ್ಲ, ಉಲ್ಟಾ. ಪವರ್ ಅಂದರೆ ಗಾಜು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನೋದು. ಜಾಸ್ತಿ ಬಗ್ಗಿದ ಕಿರಣಗಳು ಗಾಜಿನ ಹತ್ತಿರವೇ ಕೂಡಿಬಿಡುತ್ತವೆ. ದೂರದಿಂದ ಬಂದ ಕಿರಣಗಳು ಕೂಡುವ ಜಾಗಕ್ಕೂ ಗಾಜಿಗೂ ಇರುವ ದೂರವೇ ಸಂಗಮ ದೂರ. 1ನ್ನು ಸಂಗಮ ದೂರದಿಂದ ಭಾಗಿಸಿದರೆ ಸಿಗೋದೇ ಡಯಾಪ್ಟರ್, ಚೀಟಿಯಲ್ಲಿರುವ ನಂಬರ್. ದೂರವನ್ನು ಮೀಟರಿನಲ್ಲೇ ಹಾಕಬೇಕು, ಮಕ್ಕಳು ಪರೀಕ್ಷೆಯಲ್ಲಿ ತಪ್ಪೋದು ಇಲ್ಲೇ. +1 ಆದರೆ 1 ಮೀಟರ್, +2 ಆದರೆ 50 ಸೆಂ.ಮೀ., +4 ಆದರೆ 25. ಅಪ್ಪನದಕ್ಕೆ 40 ಸೆಂ.ಮೀ.

ಕೈಯಲ್ಲಿ ಬಲೆ ಹಿಡಿದು ಕೂತರೆ ಕಣ್ಣಿಗೂ ಗಂಟಿಗೂ ಹೆಚ್ಚುಕಡಿಮೆ ಅಷ್ಟೇ ದೂರ ಇರುತ್ತದೆ. ವಯಸ್ಸಾದ ಮೇಲೆ ಹತ್ತಿರದ್ದನ್ನು ನೋಡಲು ಕಣ್ಣಿನೊಳಗಿನ ಮಸೂರ ಮೊದಲಿನಂತೆ ಉಬ್ಬೋದಿಲ್ಲ. 40 ಸೆಂ.ಮೀ. ದೂರದ ಗಂಟಿನಿಂದ ಹೊರಟ ಬೆಳಕು ಆ ಗಾಜು ದಾಟಿದ ಮೇಲೆ ಎಲ್ಲೋ ದೂರದ ಸಮುದ್ರದಿಂದ ಬಂದ ಹಾಗೆ ನೇರವಾಗಿ ಕಣ್ಣಿಗೆ ಬೀಳುತ್ತದೆ, ದೂರದ್ದನ್ನು ನೋಡೋದು ಅಪ್ಪನ ಕಣ್ಣಿಗೆ ಕಷ್ಟವೇ ಅಲ್ಲವಲ್ಲ!

ಮನೆಯಲ್ಲೇ ನೋಡಿ. ಹಗಲು ಹೊತ್ತು ಕೋಣೆಯೊಳಗೆ, ಕಿಟಕಿಯಿಂದ ಸ್ವಲ್ಪ ಹಿಂದೆ ನಿಂತು ಅಪ್ಪನ ಕನ್ನಡಕವನ್ನು ಹೊರಗಿನ ತೆಂಗಿನ ಮರದ ಕಡೆ ಹಿಡಿಯಿರಿ. ಹಿಂದೆ ಬಿಳಿ ಹಾಳೆ ಇಟ್ಟು ಮುಂದೆ ಹಿಂದೆ ಸರಿಸುತ್ತಾ ಹೋಗಿ. ಒಂದು ಕಡೆ ಪುಟ್ಟ ಮರ ತಲೆಕೆಳಗಾಗಿ, ಬಣ್ಣದ ಸಮೇತ, ಗರಿ ಅಲ್ಲಾಡೋದೂ ಕಾಣೋ ಹಾಗೆ ಮೂಡುತ್ತದೆ. ಗಾಜಿನಿಂದ ಹಾಳೆಗೆ ಟೇಪ್ ಹಿಡಿಯಿರಿ, ಸುಮಾರು 40 ಬರಬೇಕು. ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ, ಹಾಳೆ ಸುಟ್ಟೀತು.

ನಿಮ್ಮ ಗಾಜಿನಲ್ಲಿ ಎಷ್ಟು ಸರಿಸಿದರೂ ಚಿತ್ರ ಬರಲ್ಲ. ಮೈನಸ್ ಅಂದರೆ ನಡುವೆ ತೆಳು, ಅಂಚಿನಲ್ಲಿ ದಪ್ಪ, ಬೆಳಕನ್ನು ಕೂಡಿಸೋ ಬದಲು ಹರಡುತ್ತದೆ. -2 ಇದ್ದವರಿಗೆ ಕನ್ನಡಕ ತೆಗೆದರೆ ಸುಮಾರು 50 ಸೆಂ.ಮೀ.ವರೆಗೆ ಸ್ಪಷ್ಟ, ಆಮೇಲೆ ಮಸುಕು. ಪುಸ್ತಕ ದೂರ ಸರಿಸಿ ನೀವೇ ಅಳೆಯಬಹುದು.

ಇನ್ನೊಂದು. ಎರಡು ಗಾಜುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದರೆ ಪವರ್ ಸುಮ್ನೆ ಕೂಡುತ್ತಾ ಹೋಗುತ್ತದೆ, ಅದಕ್ಕೇ ಅಂಗಡಿಯವರು ದೂರದ ಬದಲು ಡಯಾಪ್ಟರ್ ಬಳಸೋದು. ನಿಮ್ಮಿಬ್ಬರದೂ ಸೇರಿದರೆ +0.50. ಆಗ ಮರದ ಚಿತ್ರಕ್ಕೆ ಹಾಳೆ ಸಾಲದು, 2 ಮೀಟರ್ ಹಿಂದಿನ ಗೋಡೆಯೇ ಬೇಕು.