ಗೂಟ ಹೊಡೆದರೆ ರೈಲು ಬಂದಂತಲ್ಲ
ಓದುಗರ ಪ್ರಶ್ನೆ, ನಿವೃತ್ತ ರೈಲ್ವೆ ಸಮೀಕ್ಷಾ ಎಂಜಿನಿಯರ್ ಉತ್ತರ

ಮೂರು ತಿಂಗಳಿಂದ ಬಂದ ಪತ್ರಗಳನ್ನೆಲ್ಲ ಟಿಳಕವಾಡಿಯ ಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಅರ್ಧಕ್ಕಿಂತ ಹೆಚ್ಚು ಪತ್ರಗಳಲ್ಲಿ ಪ್ರಶ್ನೆ ಒಂದೇ, ಊರಿನ ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಸರ್ವೆ ಎಂದರೇನು, ಡಿಪಿಆರ್ (ಯೋಜನೆಯ ವಿವರವಾದ ವರದಿ) ಎಂದರೇನು ಎಂಬುದನ್ನು ಮತ್ತೆ ಮೊದಲಿನಿಂದ ಹೇಳುತ್ತ ಕೂರುವುದಿಲ್ಲ.

ಪ್ರಶ್ನೆ: ಬಾಗಲಕೋಟೆ–ಕುಡಚಿ ರೈಲು ಮಾರ್ಗ 2010-11ರಲ್ಲೇ ಮಂಜೂರಾಗಿದ್ದರೂ ಇನ್ನೂ ಪೂರ್ತಿಯಾಗಿಲ್ಲ. ನಮಗೆ ಕೊಡಲು ದುಡ್ಡಿಲ್ಲದ ಕೇಂದ್ರ ಸರ್ಕಾರ ಕಠ್ಮಂಡುವಿಗೆ ರೈಲು ಬಿಡುವ ಸರ್ವೆಗೆ ದುಡ್ಡು ಸುರಿಯುವುದು ಯಾವ ನ್ಯಾಯ? (ಮುಧೋಳ, ತೇರದಾಳ, ಹಾರೂಗೇರಿಯಿಂದ ಹಲವರು)

ನಿಮ್ಮ ಸಿಟ್ಟು ನನಗೂ ಇದೆ. 142 ಕಿ.ಮೀ. ಮಾರ್ಗಕ್ಕೆ ಒಂದೂವರೆ ದಶಕ ಸಾಲಲಿಲ್ಲವೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಆ ಸಿಟ್ಟನ್ನು ಬೇರೆಯವರ ಮನೆ ಬಾಗಿಲಿಗೆ ಒಯ್ಯಬೇಡಿ. ಕುಡಚಿ ಮಾರ್ಗದ ಖರ್ಚು ರೈಲ್ವೆ ಅರ್ಧ, ರಾಜ್ಯ ಅರ್ಧ. ಜಮೀನು ಕೊಡುವುದು ರಾಜ್ಯದ ಹೊಣೆ. ಅದು ಕುಂಟಿದ್ದು ಮುಖ್ಯವಾಗಿ ಜಮೀನು ಹೊತ್ತಿಗೆ ಸರಿಯಾಗಿ ಕೈಗೆ ಬರದೆ. ನೆರೆದೇಶದ ಯೋಜನೆಯ ದುಡ್ಡು ಹೋಗುವುದು ವಿದೇಶಾಂಗ ಸಚಿವಾಲಯದ ನೆರವಿನ ಬಾಬತ್ತಿನಿಂದ. 2025-26ರ ಬಜೆಟ್ಟಿನಲ್ಲಿ ನೇಪಾಳಕ್ಕೆ ಇಟ್ಟದ್ದು 700 ಕೋಟಿ ರೂಪಾಯಿ, ಅದೂ ಎಲ್ಲ ಬಗೆಯ ನೆರವು ಸೇರಿ. ಅದೇ ವರ್ಷ ರೈಲ್ವೆಗೆ ಬಂಡವಾಳ ವೆಚ್ಚಕ್ಕೆ ಸಿಕ್ಕಿದ್ದು 2.52 ಲಕ್ಷ ಕೋಟಿ. ನೇಪಾಳದ ಸರ್ವೆ ನಿಲ್ಲಿಸಿದರೂ ಮುಧೋಳದಲ್ಲಿ ಒಂದು ಗುಂಟೆ ಜಮೀನು ಹೆಚ್ಚಿಗೆ ಸಿಗುವುದಿಲ್ಲ.

ಗಡಿ ದಾಟುವ ಮಾರ್ಗಗಳಲ್ಲಿ ದುಡ್ಡೂ ಗಡಿಗೆರೆಯಲ್ಲೇ ಹೋಳಾಗುತ್ತದೆ. ಅಗರ್ತಲಾ–ಅಖೌರಾ ಮಾರ್ಗ ಒಟ್ಟು 12.24 ಕಿ.ಮೀ.; ತ್ರಿಪುರಾದೊಳಗಿನ 5.46 ಕಿ.ಮೀ.ಗೆ ಈಶಾನ್ಯ ಪ್ರದೇಶ ಅಭಿವೃದ್ಧಿ ಸಚಿವಾಲಯ, ಬಾಂಗ್ಲಾದೊಳಗಿನ 6.78 ಕಿ.ಮೀ.ಗೆ ವಿದೇಶಾಂಗ ಸಚಿವಾಲಯ ಹಣ ಕೊಟ್ಟವು. ಲೆಕ್ಕದ ಪುಸ್ತಕವೇ ಬೇರೆ ಬೇರೆ.

ಇನ್ನು, ಸರ್ವೆಗೆ ದುಡ್ಡು ಯಾಕೆ ಬೇಕು ಎಂಬುದು. ಬಿಹಾರದ ಗಡಿಯೂರು ರಕ್ಸೌಲ್‌ನಿಂದ ಕಠ್ಮಂಡುವಿಗೆ ಹೋಗುವ ಮಾರ್ಗದ ಮಾತು ಎರಡೂ ದೇಶಗಳ ಪ್ರಧಾನಿಗಳ ನಡುವೆ ಆದದ್ದು 2018ರ ಏಪ್ರಿಲ್‌ನಲ್ಲಿ. ಅದೇ ಆಗಸ್ಟ್‌ನಲ್ಲಿ ಪ್ರಾಥಮಿಕ ಸಮೀಕ್ಷೆಯ ಒಪ್ಪಂದವಾಯಿತು, ಕೆಲಸ ಕೊಂಕಣ ರೈಲ್ವೆಗೆ ಬಂತು. 2021ರ ಅಕ್ಟೋಬರ್‌ನಲ್ಲಿ ಅಂತಿಮ ಮಾರ್ಗ ಸಮೀಕ್ಷೆಯ ಒಪ್ಪಂದ. ಇಷ್ಟು ವರ್ಷಕ್ಕೂ ಒಂದು ಹಳಿ ಬಿದ್ದಿಲ್ಲವಲ್ಲ ಎಂದು ನೀವು ಹಂಗಿಸುತ್ತೀರಿ. ಹಳಿ ಹಾಕದೆ ಮೊದಲು ನೆಲ ನೋಡುತ್ತಿದ್ದಾರಲ್ಲ, ಅದೇ ಸರಿ ಎನ್ನುತ್ತೇನೆ ನಾನು. ರಕ್ಸೌಲ್ ಸಮುದ್ರಮಟ್ಟದಿಂದ ನೂರು ಮೀಟರೂ ಎತ್ತರವಿಲ್ಲ. ಕಠ್ಮಂಡು 1,300 ಮೀಟರಿಗೂ ಮೇಲೆ. ಪ್ರಾಥಮಿಕ ಸಮೀಕ್ಷೆಯಲ್ಲಿ ಬಂದ ಉದ್ದ 136 ಕಿ.ಮೀ. ನಮ್ಮ ಕ್ಯಾಸಲ್‌ರಾಕ್–ಕುಳೆಂ ಘಾಟಿಯಲ್ಲಿ 37 ಅಡಿಗೆ ಒಂದು ಅಡಿ ಏರು, ಅದಕ್ಕೇ ಹಿಂದೆ ಮುಂದೆ ಎಂಜಿನ್ ಕಟ್ಟಬೇಕಾಗುತ್ತದೆ. ನಮ್ಮದಾದರೂ ಹಳೆಯ ಗಟ್ಟಿ ಬೆಟ್ಟ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಬೆಟ್ಟ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಅದೇ ನೆಲವನ್ನು ಅಲುಗಾಡಿಸಿತು. ಅಲ್ಲಿ ಸುರಂಗ ಎಲ್ಲಿ ಕೊರೆಯಬೇಕೆಂದು ದೆಹಲಿಯಲ್ಲಿ ಕೂತು ನಕ್ಷೆ ನೋಡಿ ಹೇಳುವವನನ್ನು ನಾನು ಎಂಜಿನಿಯರ್ ಎಂದು ಕರೆಯುವುದಿಲ್ಲ.

ನೆಲದೊಳಗೆ ಏನಿದೆ ಎಂದು ತಿಳಿಯಲು ಕೊರೆಯಲೇಬೇಕು. ವರ್ಷಗಳ ಹಿಂದೆ ಲೋಕಾಪುರದ ಆಚೆ ಒಂದು ಹಳ್ಳದ ಸೇತುವೆಗೆ ನೆಲ ನೋಡಲು ನಾವು ಬೋರು ಹಾಕುತ್ತಿದ್ದೆವು. ಆ ಸೀಮೆಯ ಸುಣ್ಣದಕಲ್ಲು ಸಿಮೆಂಟಿನವರಿಗೆ ಬಂಗಾರ. ಹತ್ತು ಮೀಟರ್‌ವರೆಗೆ ಬೂದು ಬಣ್ಣದ ಕೋರು (ಕೊರೆದಾಗ ಹೊರಬರುವ ಕಲ್ಲಿನ ಉರುಳೆ), ಉದ್ದುದ್ದ ತುಂಡುಗಳಾಗಿ ಚೆನ್ನಾಗಿ ಬಂತು. ಮೇಲಿನವರು ಸಾಕು, ಬಂಡೆ ಸಿಕ್ಕಿತು, ಮಷೀನ್ ಎತ್ತಿ ಎಂದರು. ಇನ್ನೆರಡು ಮೀಟರ್ ನೋಡೋಣ ಎಂದು ನಾನು ಹಟ ಹಿಡಿದೆ. ಹನ್ನೊಂದನೇ ಮೀಟರಿನಲ್ಲಿ ರಾಡು ಗಕ್ಕನೆ ಒಂದು ಮೊಳ ಕೆಳಗಿಳಿಯಿತು. ಬೋರಿನ ಬಾಯಿಂದ ಉಕ್ಕಿ ಬರುತ್ತಿದ್ದ ಬೂದಿನೀರು ನಿಂತೇಹೋಯಿತು. ಒಳಗೆ ಪೊಳ್ಳು. ಕೋರಿನ ಮರದ ಪೆಟ್ಟಿಗೆಯಲ್ಲಿ ಅಷ್ಟು ಜಾಗ ಖಾಲಿ ಬಿಟ್ಟು, ಎರಡೂ ಬದಿಗೆ ಆಳ ಬರೆದ ಮರದ ತುಂಡು ಇಟ್ಟೆವು. ಕಂಬದ ಜಾಗ ಬದಲಾಯಿತು. ಆ ಎರಡು ಮೀಟರಿನ ಖರ್ಚು ಕೆಲವು ಸಾವಿರ. ಪೊಳ್ಳಿನ ಮೇಲೆ ಕಂಬ ನಿಂತಿದ್ದರೆ ಏನಾಗುತ್ತಿತ್ತೆಂದು ಇವತ್ತಿಗೂ ನೆನೆಯಲು ಆಗುವುದಿಲ್ಲ. ನೂರು ರೂಪಾಯಿಯ ಕಾಮಗಾರಿಗೆ ಎರಡು ಮೂರು ರೂಪಾಯಿ ಸರ್ವೆಗೆ ಇಡಲು ಅಳುವವರು ಆಮೇಲೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚಿಗೆ ತೆರುವುದನ್ನು ಕಣ್ಣಾರೆ ಕಂಡಿದ್ದೇನೆ.

ಆ ಸರ್ವೆಯನ್ನು ನೇಪಾಳವೇ ಮಾಡಿಕೊಳ್ಳಲಿ ಎನ್ನುವಿರಾ? ಸರ್ವೆಗೆ ದುಡ್ಡು ಕೊಟ್ಟವನಿಗೆ ಗೇಜ್ (ಹಳಿಗಳ ನಡುವಿನ ಅಗಲ) ಯಾವುದು, ಸರಕು ಎಲ್ಲಿ ಇಳಿಯಬೇಕು, ಯಾವ ಗಡಿಠಾಣೆ ಬೆಳೆಯಬೇಕು ಎಂಬಲ್ಲೆಲ್ಲ ಮಾತಿಗೆ ತೂಕ ಬರುತ್ತದೆ. ಚೀನಾ ಕೂಡ ತನ್ನ ಖರ್ಚಿನಲ್ಲೇ ಟಿಬೆಟ್ ಗಡಿಯ ಕೆರುಂಗ್‌ನಿಂದ ಕಠ್ಮಂಡುವಿಗೆ ಬರುವ ಮಾರ್ಗದ ಸಾಧ್ಯತಾ ಅಧ್ಯಯನ ಕೈಗೆತ್ತಿಕೊಂಡಿತು. ಅದು ದಾನಧರ್ಮವಲ್ಲ ಎಂಬುದು ಗೊತ್ತಿರಲಿ.

ಇದೆಲ್ಲ ನಮಗೆ ಹೊಸದು ಎನ್ನುವವರು ಬೆಳಗಾವಿಯಿಂದ ಲೋಂಡಾ ಮೇಲೆ ಗೋವೆಗೆ ಹೋಗುವಾಗ ಕಿಟಕಿಯ ಹೊರಗೆ ಸ್ವಲ್ಪ ನೋಡಬೇಕು. ಆ ಮಾರ್ಗವೇ ಎರಡು ರಾಜ್ಯಸತ್ತೆಗಳ ನಡುವಿನದು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಮುರಗಾಂವ್ ಬಂದರಿನಿಂದ ಗಡಿಯವರೆಗೆ ಹಳಿ ಹಾಕಿದ ಕಂಪನಿಗೆ ಬಡ್ಡಿಯ ಖಾತರಿ ಕೊಟ್ಟದ್ದು ಪೋರ್ಚುಗೀಸ್ ಸರ್ಕಾರ. ಈ ಕಡೆಯಿಂದ ಸದರ್ನ್ ಮರಾಠಾ ರೈಲ್ವೆ ಬಂದು ಕ್ಯಾಸಲ್‌ರಾಕ್‌ನಲ್ಲಿ ಕೂಡಿತು. ಅಲ್ಲೇ ಸುಂಕದ ಠಾಣೆ. ಮೊದಲು ಕಾಗದ, ಆಮೇಲೆ ಅಳತೆಯ ಸರಪಳಿ, ಕಡೆಗೆ ಹಳಿ. ಸಂಬಂಧ ಕೆಟ್ಟಾಗ 1955ರಲ್ಲಿ ಗಡಿ ದಾಟುವ ಸಂಚಾರವೇ ನಿಂತಿತು ಎಂಬುದನ್ನೂ ಮರೆಯಬಾರದು.

ಅಲ್ಲೇ ನನ್ನ ಆತಂಕವೂ ಇರುವುದು. ದುಡ್ಡಿನಿಂದ ವರದಿ ಸಿಗುತ್ತದೆ, ಒಪ್ಪಿಗೆ ಸಿಗುವುದಿಲ್ಲ. ಮಹಾಕಾಳಿ ನದಿಯ ಪಂಚೇಶ್ವರ ಅಣೆಕಟ್ಟಿಗೆ ಭಾರತ–ನೇಪಾಳ ಒಪ್ಪಂದವಾದದ್ದು 1996ರಲ್ಲಿ. 2014ರಲ್ಲಿ ಅದಕ್ಕೊಂದು ಪ್ರಾಧಿಕಾರವನ್ನೂ ಕಟ್ಟಿದರು. ನೀರಿನ ಪಾಲಿನ ತಕರಾರು ಬಗೆಹರಿಯದೆ ಡಿಪಿಆರ್ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಉಳಿಯಿತು. ಖಾನಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ–ಬಂಡೂರಿಗೆ 3.9 ಟಿಎಂಸಿ ಕೊಟ್ಟಿತು, 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಡಿಪಿಆರ್ ಒಪ್ಪಿತು, ಪಟಾಕಿಯೂ ಹೊಡೆದಾಯಿತು. ಅರಣ್ಯ, ವನ್ಯಜೀವಿ ಅನುಮತಿಗೆ ಬಂದು ಗಾಡಿ ನಿಂತಿತು. ಒಂದೇ ದೇಶದ ಎರಡು ರಾಜ್ಯಗಳ ನಡುವೆ ಹೀಗಾದರೆ ಎರಡು ದೇಶಗಳ ನಡುವೆ ಎಷ್ಟು ತಾಳ್ಮೆ ಬೇಕು, ನೀವೇ ಹೇಳಿ. ಹೀಗಾಗಿ ಪ್ರಾಥಮಿಕ ಸಮೀಕ್ಷೆಯ ಅಂಕಿ ಹಿಡಿದು ರೈಲು ಓಡುವ ತಾರೀಖು ಘೋಷಿಸುವ ಮಂತ್ರಿ ಯಾವ ಪಕ್ಷದವರೇ ಆಗಲಿ, ಅವರ ಮಾತನ್ನು ನಾನು ನಂಬುವುದಿಲ್ಲ.

ನಿಮ್ಮ ಸಂಸದರಿಗೂ ಶಾಸಕರಿಗೂ ನೇಪಾಳದ ಪ್ರಶ್ನೆ ಹಾಕಬೇಡಿ. ಕುಡಚಿ ಮಾರ್ಗಕ್ಕೆ ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಹಸ್ತಾಂತರವಾಗಿದೆ, ಎಷ್ಟು ಬಾಕಿ, ಪರಿಹಾರದ ಹಣ ಯಾವ ಖಾತೆಯಲ್ಲಿದೆ ಎಂದು ಬರೆದು ಕೇಳಿ. ಲಿಖಿತ ಉತ್ತರ ಬರುವವರೆಗೆ ಬಿಡಬೇಡಿ.

ಪ್ರಶ್ನೆ: ನೆರೆದೇಶಕ್ಕೆ ಕೊಡುವ ಈ ದುಡ್ಡು ಸಾಲವೋ, ದಾನವೋ? (ಇಂಡಿ)

ಎರಡೂ ಇವೆ. ಸರ್ವೆ, ಡಿಪಿಆರ್ ಸಾಮಾನ್ಯವಾಗಿ ಅನುದಾನ. ದೊಡ್ಡ ಕಾಮಗಾರಿಗೆ ಹಲವು ಸಲ ಎಕ್ಸಿಮ್ ಬ್ಯಾಂಕ್ (ಭಾರತದ ರಫ್ತು–ಆಮದು ಬ್ಯಾಂಕ್) ಮೂಲಕ ಸಾಲ. ಅದನ್ನು ಬಡ್ಡಿ ಸಮೇತ ತೀರಿಸಬೇಕು, ಮತ್ತು ಸಾಮಾನ್ಯವಾಗಿ ನೂರಕ್ಕೆ 75ರಷ್ಟು ಸಾಮಾನು, ಸೇವೆ ಭಾರತದಿಂದಲೇ ಕೊಳ್ಳಬೇಕೆಂಬ ಷರತ್ತಿದೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಸರ್ವೆಯವರು ಗೂಟ ಹೊಡೆದು ಹೋದರು. ಇಲ್ಲಿ ಸ್ಟೇಷನ್ ಬರುತ್ತದೆ, ಪಕ್ಕದಲ್ಲಿ ಪ್ಲಾಟು ಹಿಡಿಯಿರಿ ಎಂದು ಏಜೆಂಟರು ಮುಂಗಡ ಕೇಳುತ್ತಿದ್ದಾರೆ. (ಬಸವನ ಬಾಗೇವಾಡಿ ಕಡೆಯವರು)

ಒಂದು ಪೈಸೆಯನ್ನೂ ಕೊಡಬೇಡಿ! ನನ್ನ ಕೈಯಾರೆ ಹೊಡೆಸಿದ ಸಾವಿರಾರು ಗೂಟಗಳಲ್ಲಿ ರೈಲು ಹೋದದ್ದು ಎಷ್ಟರ ಮೇಲೆ ಎಂದು ನನಗೆ ಗೊತ್ತಿದೆ. ಒಂದೇ ಮಾರ್ಗಕ್ಕೆ ಮೂರು ನಾಲ್ಕು ಜಾಡು ನೋಡುತ್ತೇವೆ, ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡುತ್ತೇವೆ. ವಿಶೇಷ ರೈಲ್ವೆ ಯೋಜನೆಗೆ ಜಮೀನು ಬೇಕಾದಾಗ ರೈಲ್ವೆ ಕಾಯ್ದೆಯ 20ಎ ಕಲಮಿನಡಿ ಅಧಿಸೂಚನೆ ಬರುತ್ತದೆ, ಉಳಿದ ಕಡೆ 2013ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ನಿಮ್ಮ ಸರ್ವೆ ನಂಬರ್ ಇರಬೇಕು. ಅಲ್ಲಿಯವರೆಗೆ ಹೊಲ ನಿಮ್ಮದು, ಬಿತ್ತನೆ ಮಾಡಿ. ಗೂಟ ಮಾತ್ರ ಕೀಳಬೇಡಿ; ಅದನ್ನು ಮತ್ತೆ ಅಳೆದು ನೆಡಲು ಒಂದು ತಂಡಕ್ಕೆ ಇಡೀ ದಿನ ಹೋಗುತ್ತದೆ.

ಪ್ರಶ್ನೆ: ಎರಡು ಲಕ್ಷ ಕೊಟ್ಟರೆ ಮಾರ್ಗವನ್ನು ನಮ್ಮೂರ ಕಡೆ ತಿರುಗಿಸುತ್ತೇನೆ ಎಂದು ಕನ್ಸಲ್ಟಂಟ್ ಒಬ್ಬರು ಹೇಳುತ್ತಾರೆ. (ರಾಯಬಾಗ)

ಅವನು ಮೋಸಗಾರ. ಪೊಲೀಸ್ ಠಾಣೆಗೆ ಹೋಗಿ.

ಪ್ರಶ್ನೆ: ಮಗ ಬೆಳಗಾವಿಯಲ್ಲಿ ಸಿವಿಲ್ ಕೊನೆಯ ವರ್ಷ ಓದುತ್ತಿದ್ದಾನೆ. ಗಡಿಯಾಚೆಯ ಇಂಥ ಸಮೀಕ್ಷೆಯ ಕೆಲಸಕ್ಕೆ ಹೋಗಬೇಕೆನ್ನುತ್ತಾನೆ, ಏನು ಕಲಿಯಬೇಕು? (ಗೋಕಾಕ)

ಡ್ರೋನು, ಸಾಫ್ಟ್‌ವೇರು ಅವನಿಗೆ ಈಗಾಗಲೇ ಬರುತ್ತಿರುತ್ತದೆ. ಕಲ್ಲು ಕಲಿಯಲಿ. ರಜೆಯಲ್ಲಿ ಒಂದು ಸುತ್ತಿಗೆ, ನೋಟ್‌ಬುಕ್ಕು ಹಿಡಿದು ಗೋಕಾಕ ಫಾಲ್ಸ್‌ನಿಂದ ಬಾದಾಮಿಯವರೆಗೆ ಸುತ್ತಿ, ಮರಳುಗಲ್ಲು ಎಲ್ಲಿ ಮುಗಿದು ಕಪ್ಪುಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ತಾನೇ ನಕ್ಷೆ ಬರೆಯಲಿ. ಆ ನಕ್ಷೆಯನ್ನು ನನಗೆ ಕಳಿಸಿದರೆ ತಿದ್ದಿ ಕೊಡುತ್ತೇನೆ.