ಜೈಲಿನಿಂದ ಬಂದ ಆಮಿರ್ ಕೈಗೆ ಮತ್ತೆ ಚೆಂಡು ಕೊಟ್ಟದ್ದು ಸರಿಯೇ?

ಸ್ಪಾಟ್ ಫಿಕ್ಸಿಂಗ್ (ಹಣ ಪಡೆದು ಪಂದ್ಯದ ಯಾವುದೋ ಎಸೆತವನ್ನೋ ಓವರನ್ನೋ ಮೊದಲೇ ಗೊತ್ತುಮಾಡಿದಂತೆ ಹಾಕುವುದು) ಮಾಡಿ ಇಂಗ್ಲೆಂಡಿನ ಜೈಲು ಕಂಡು ಬಂದ ವೇಗದ ಬೌಲರ್ ಮೊಹಮ್ಮದ್ ಆಮಿರ್‌ನನ್ನು ಪಾಕಿಸ್ತಾನ ಮತ್ತೆ ತಂಡಕ್ಕೆ ಸೇರಿಸಿಕೊಂಡದ್ದು ಕುರಿ ಕಾಯಲು ತೋಳನನ್ನು ಬಿಟ್ಟಂತಲ್ಲವೇ, ಇಂಥವರಿಗೆ ಎರಡನೇ ಅವಕಾಶ ಯಾಕೆ ಕೊಡಬೇಕು ಎಂದು ಕೇಳಿದ್ದೀರಿ. ಕೊಡಬಹುದು, ಕೊಟ್ಟದ್ದು ಸರಿ ಎಂಬುದು ನನ್ನ ಉತ್ತರ. ಆದರೆ "ಪಾಪ, ಚಿಕ್ಕ ಹುಡುಗ" ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ನಿಮ್ಮ ತೋಳ, ಕುರಿ ಗಾದೆಯೂ ಇಲ್ಲಿ ತಪ್ಪು ಮನುಷ್ಯನ ಮೇಲೆ ಬಿದ್ದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವಕೀಲನಲ್ಲ, ಪತ್ರಕರ್ತನಲ್ಲ. ಶಿವಮೊಗ್ಗ ಸೀಮೆಯ ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿ ಬಿಸಿಲಿಗೆ ನಿಂತವನು. ನೋಬಾಲ್, ಅಂದರೆ ಬೌಲರ್ ಗೆರೆ ದಾಟಿ ಹಾಕಿದ ಎಸೆತ, ನನಗೆ ದಿನನಿತ್ಯದ ವಸ್ತು. ಬೌಲರ್ ದಣಿದಾಗ, ಗಾಳಿ ದಿಕ್ಕು ಬದಲಿಸಿದಾಗ, ರನಪ್‌ನ ಗುರುತು ಅಳಿಸಿಹೋದಾಗ ಕಾಲು ಮುಂದೆ ಬೀಳುತ್ತದೆ. ಬಿದ್ದರೂ ಎಷ್ಟು? ಹಿಮ್ಮಡಿ ಗೆರೆಯ ಮೇಲಿರುತ್ತದೆ, ಇಲ್ಲವೇ ಗೆರೆಯಿಂದ ಕೂದಲೆಳೆಯಷ್ಟು ಆಚೆ. ನಮ್ಮ ಜಗಳವೆಲ್ಲ ಆ ಅರ್ಧ ಇಂಚಿನದು. ನಾನು ಕೈ ಚಾಚಿದ ಕೂಡಲೇ ಬೌಲರ್ ನೋಡುವುದು ತನ್ನ ಶೂ ನೆಲದಲ್ಲಿ ಮೂಡಿಸಿದ ಗುರುತನ್ನು. ನನ್ನ ಮುಖ ನೋಡುವುದು ಆಮೇಲೆ, ಅದೂ ಕೋಪದಿಂದ. 2010ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಆಮಿರ್ ಹಾಕಿದ ನೋಬಾಲ್‌ಗಳ ಚಿತ್ರವನ್ನು ಒಮ್ಮೆ ನೋಡಿ. ಇಡೀ ಶೂ ಗೆರೆಯ ಆಚೆ ಇದೆ, ಹಿಮ್ಮಡಿಗೂ ಗೆರೆಗೂ ನಡುವೆ ಬರಿ ನೆಲ ಕಾಣುತ್ತದೆ. ದಣಿದ ಕಾಲು ಅಷ್ಟು ದೂರ ಹೋಗುವುದಿಲ್ಲ. ಟಿವಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ ವೆಸ್ಟ್ ಇಂಡೀಸ್‌ನ ಹಳೆಯ ವೇಗಿ ಮೈಕಲ್ ಹೋಲ್ಡಿಂಗ್ ಅವರೇ ಬೆರಗಾಗಿದ್ದರು.

ಆ ಪ್ರಕರಣ ನಿಮಗೆ ಗೊತ್ತಿರಬಹುದು, ಆದರೂ ಚುಟುಕಾಗಿ ಹೇಳುತ್ತೇನೆ. ಮಜರ್ ಮಜೀದ್ ಎಂಬ ಏಜೆಂಟ್ 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಯ ವೇಷಧಾರಿ ವರದಿಗಾರನಿಂದ ಒಂದೂವರೆ ಲಕ್ಷ ಪೌಂಡ್ ಪಡೆದು, ಯಾವ ಓವರಿನ ಯಾವ ಎಸೆತ ನೋಬಾಲ್ ಆಗುತ್ತದೆ ಎಂದು ಮೊದಲೇ ಹೇಳಿದ. ಹೇಳಿದಂತೆಯೇ ಮೂರು ನೋಬಾಲ್‌ಗಳು ಬಿದ್ದವು. ಎರಡು ಆಮಿರ್‌ನದು, ಒಂದು ಮೊಹಮ್ಮದ್ ಆಸಿಫ್‌ನದು. ನಾಯಕ ಸಲ್ಮಾನ್ ಬಟ್ ಇದರ ಸೂತ್ರ ಹಿಡಿದಿದ್ದ. ಹೊಟ್ಟೆ ಉರಿಯುವ ಸಂಗತಿಯೆಂದರೆ, ಅದೇ ಇನಿಂಗ್ಸ್‌ನಲ್ಲಿ ಆಮಿರ್ 84 ರನ್ನಿಗೆ 6 ವಿಕೆಟ್ ಪಡೆದಿದ್ದ. 18 ವರ್ಷದ ಎಡಗೈ ವೇಗಿ, ಚೆಂಡನ್ನು ಎರಡೂ ಕಡೆಗೆ ಸ್ವಿಂಗ್ ಮಾಡುತ್ತಿದ್ದವನು, ಹಿಂದಿನ ವರ್ಷ ಅದೇ ಮೈದಾನದಲ್ಲಿ ಟಿ20 ವಿಶ್ವಕಪ್ ಫೈನಲ್‌ನ ಮೊದಲ ಓವರಿನಲ್ಲೇ ಶ್ರೀಲಂಕಾದ ದಿಲ್ಶನ್‌ನನ್ನು ಸೊನ್ನೆಗೆ ಕಳಿಸಿದ್ದವನು. ಅವನ ಹೋಟೆಲ್ ಕೋಣೆಯಲ್ಲಿ ಪತ್ರಿಕೆಯವರು ಕೊಟ್ಟಿದ್ದ ಗುರುತಿನ ನೋಟುಗಳಲ್ಲಿ 1,500 ಪೌಂಡ್ ಸಿಕ್ಕಿತು.

2011ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ನ್ಯಾಯಮಂಡಳಿ ಆಮಿರ್‌ಗೆ 5 ವರ್ಷ ನಿಷೇಧ ಹಾಕಿತು. ನವೆಂಬರ್‌ನಲ್ಲಿ ಲಂಡನ್ನಿನ ಸದರ್ಕ್ ಕ್ರೌನ್ ಕೋರ್ಟ್ ಬಟ್‌ಗೆ 30 ತಿಂಗಳು, ಆಸಿಫ್‌ಗೆ ಒಂದು ವರ್ಷ, ಆಮಿರ್‌ಗೆ 6 ತಿಂಗಳು, ಮಜೀದ್‌ಗೆ 2 ವರ್ಷ 8 ತಿಂಗಳು ಜೈಲು ವಿಧಿಸಿತು. ಆಮಿರ್ ಅದರಲ್ಲಿ ಅರ್ಧ ಅವಧಿಯನ್ನು ತರುಣ ಅಪರಾಧಿಗಳ ಜೈಲಿನಲ್ಲಿ ಕಳೆದು 2012ರ ಫೆಬ್ರವರಿಯಲ್ಲಿ ಹೊರಬಂದ.

ಈಗ "ಪಾಪದ ಹುಡುಗ" ವಾದಕ್ಕೆ ಬನ್ನಿ. ರಾವಲ್ಪಿಂಡಿ ಜಿಲ್ಲೆಯ ಬಡ ಹಳ್ಳಿಯವನು, ನಾಯಕನ ಮಾತು ಮೀರಲಾರದೆ ಹೋದ ಎನ್ನುತ್ತಾರೆ. ನ್ಯಾಯಾಧೀಶರೂ ವಯಸ್ಸು ಮತ್ತು ಹಿನ್ನೆಲೆಯನ್ನು ಗಣನೆಗೆ ತೆಗೆದುಕೊಂಡರು, ತೆಗೆದುಕೊಳ್ಳಬೇಕಾದದ್ದೇ. ಆದರೆ ಅಷ್ಟೇ ಆಧಾರವಾದರೆ ಕಷ್ಟ. ಐಸಿಸಿ ವಿಚಾರಣೆಯಲ್ಲಿ ಇದೇ ಹುಡುಗ ತಾನೇನೂ ಮಾಡಿಲ್ಲ ಎಂದೇ ಸಾಧಿಸಿದ್ದ. ತಪ್ಪೊಪ್ಪಿಕೊಂಡದ್ದು ಆಮೇಲೆ, ಇಂಗ್ಲೆಂಡಿನ ಕೋರ್ಟಿನಲ್ಲಿ. ಬಡತನದಿಂದ ಬಂದು ಒಂದು ನೋಬಾಲನ್ನೂ ಮಾರದ ಬೌಲರ್‌ಗಳು ಪಾಕಿಸ್ತಾನದಲ್ಲೂ ನಮ್ಮಲ್ಲೂ ಸಾಕಷ್ಟಿದ್ದಾರೆ. ಅವರಿಗೆ ಇದು ಅವಮಾನ.

ಇನ್ನೊಂದು ಹೆಸರು ಹೇಳುತ್ತೇನೆ, ಬಹುಶಃ ನೀವು ಕೇಳಿರಲಿಕ್ಕಿಲ್ಲ: ಮರ್ವಿನ್ ವೆಸ್ಟ್‌ಫೀಲ್ಡ್. ಎಸೆಕ್ಸ್ ಕೌಂಟಿಯ ವೇಗದ ಬೌಲರ್. 2009ರಲ್ಲಿ ಡರಂ ವಿರುದ್ಧದ 40 ಓವರುಗಳ ಪಂದ್ಯದಲ್ಲಿ ಒಂದು ಓವರಿಗೆ 12 ರನ್ ಬಿಟ್ಟುಕೊಡಲು 6,000 ಪೌಂಡ್ ಪಡೆದ. ಆ ಓವರಿನಲ್ಲಿ ಹೋದದ್ದು 10 ರನ್ ಮಾತ್ರ. ಮೋಸವನ್ನೂ ನೆಟ್ಟಗೆ ಮಾಡಲಾಗಲಿಲ್ಲ. ಆಗ ಅವನಿಗೆ 21 ವರ್ಷ. ತಪ್ಪೊಪ್ಪಿಕೊಂಡಿದ್ದ ಅವನು ಆಮಿರ್ ಬಿಡುಗಡೆಯಾದ ತಿಂಗಳಲ್ಲೇ 4 ತಿಂಗಳ ಶಿಕ್ಷೆಗೆ ಒಳಗೆ ಹೋದ. ಮೇಲೆ 5 ವರ್ಷ ನಿಷೇಧ. ಆಮೇಲೆ ಸಿಕ್ಕಿದ್ದು ಕ್ಲಬ್ ಕ್ರಿಕೆಟ್, ಮತ್ತು ಕಿರಿಯ ಆಟಗಾರರ ಮುಂದೆ ನಿಂತು ತನ್ನ ಕಥೆ ಹೇಳುವ ಕೆಲಸ. ಅವನೂ ಹುಡುಗನೇ, ಅವನ ಅಪರಾಧವೂ ಅಂಥದೇ, ಅವನನ್ನೂ ಹಿರಿಯ ಸಹ ಆಟಗಾರನೇ ಎಳೆದಿದ್ದ. ಅವನಿಗಾಗಿ ಯಾರೂ ಲೇಖನ ಬರೆಯಲಿಲ್ಲ, ಏಕೆಂದರೆ ಅವನು 84ಕ್ಕೆ 6 ವಿಕೆಟ್ ಪಡೆಯುವ ಬೌಲರ್ ಆಗಿರಲಿಲ್ಲ. ಕರುಣೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಇನ್‌ಸ್ವಿಂಗ್ ಮೇಲಿನ ಆಸೆ ಎಂದು ಇಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಆಮಿರ್‌ಗೆ ಅವಕಾಶ ಸರಿ ಎಂದು ಯಾಕೆ ಹೇಳುತ್ತೇನೆ? ಲೆಕ್ಕ ಚುಕ್ತಾ ಆಗಿತ್ತು, ಅದಕ್ಕೆ. ಆರೋಪ ಏನೆಂದು ಬರೆದಿಡಲಾಗಿತ್ತು. ಸಾಕ್ಷ್ಯ ಕೋರ್ಟಿನಲ್ಲಿ ಬಹಿರಂಗವಾಗಿ ಬಂತು. ಶಿಕ್ಷೆಗೆ ಆರಂಭದ ದಿನವಿತ್ತು, ಕೊನೆಯ ದಿನವೂ ಇತ್ತು. ಜೈಲು ಅನುಭವಿಸಿದ, ಐಸಿಸಿಯ ಭ್ರಷ್ಟಾಚಾರ ವಿರೋಧಿ ಪಾಠದ ವಿಡಿಯೊದಲ್ಲಿ ತಾನೇ ಕಾಣಿಸಿಕೊಂಡ, 2015ರ ಜನವರಿಯಲ್ಲಿ ದೇಶಿ ಕ್ರಿಕೆಟ್‌ಗೆ ಮಾತ್ರ ಅನುಮತಿ ಸಿಕ್ಕಿತು, ನಿಷೇಧ ಮುಗಿದದ್ದು ಆ ಸೆಪ್ಟೆಂಬರ್‌ನಲ್ಲಿ, ದೇಶದ ತಂಡಕ್ಕೆ ಬಂದದ್ದು 2016ರಲ್ಲಿ. ವೇಗದ ಬೌಲರ್‌ಗೆ 18ರಿಂದ 23ರವರೆಗಿನ ವರ್ಷಗಳೆಂದರೆ ಏನು ಎಂದು ಆ ಕೆಲಸ ಮಾಡಿದವರನ್ನೇ ಕೇಳಬೇಕು. ಇಷ್ಟಾದ ಮೇಲೂ "ಇಲ್ಲ, ಸಾಯುವವರೆಗೆ ಬೇಡ" ಎನ್ನುವುದಾದರೆ 5 ವರ್ಷ ಎಂದು ತೀರ್ಪು ಬರೆದದ್ದು ಯಾತಕ್ಕೆ? ಮೊದಲೇ ಆಜೀವ ನಿಷೇಧ ಎಂದು ಬರೆಯಬಹುದಿತ್ತು. ಇಂಗ್ಲೆಂಡಿನ ನಾಯಕ ಅಲಸ್ಟೇರ್ ಕುಕ್ ಹಾಗೆಯೇ ಹೇಳಿದ್ದ: ಫಿಕ್ಸಿಂಗ್ ಮಾಡಿದವರಿಗೆ ಆಜೀವ ನಿಷೇಧವೇ ಇರಬೇಕು, ಆದರೆ ನಿಯಮದ ಪ್ರಕಾರ ಆಮಿರ್ ಶಿಕ್ಷೆ ಮುಗಿಸಿದ್ದಾನೆ, ಅವನ ವಿರುದ್ಧ ಆಡಲು ತನಗೆ ಅಡ್ಡಿಯಿಲ್ಲ. ನನಗೆ ಇದು ನೇರ ನಿಲುವಾಗಿ ಕಾಣುತ್ತದೆ. ನಿಯಮವನ್ನು ಇನ್ನಷ್ಟು ಬಿಗಿ ಮಾಡಿ ಎಂದು ಕೇಳಿ, ಆದರೆ ಶಿಕ್ಷೆ ಮುಗಿದವನ ಮೇಲೆ ಅದನ್ನು ಹಿಂದಿನಿಂದ ಹೇರಬೇಡಿ. ಅಂದಹಾಗೆ, 2016ರ ಜುಲೈನಲ್ಲಿ ಅದೇ ಲಾರ್ಡ್ಸ್‌ನಲ್ಲಿ ಆಮಿರ್‌ಗೆ ಸಿಕ್ಕ ಮೊದಲ ವಿಕೆಟ್ ಕುಕ್‌ನದೇ, 81ಕ್ಕೆ ಬೌಲ್ಡ್.

ಅವಕಾಶ ಕೊಡಬೇಕು ಎಂದರೆ ಎಲ್ಲರೂ ಅಪ್ಪಿಕೊಳ್ಳಬೇಕು ಎಂದಲ್ಲ. 2015ರ ಡಿಸೆಂಬರ್‌ನಲ್ಲಿ ಆಮಿರ್ ಇದ್ದಾನೆಂಬ ಕಾರಣಕ್ಕೆ ಮೊಹಮ್ಮದ್ ಹಫೀಜ್ ಮತ್ತು ಏಕದಿನ ತಂಡದ ನಾಯಕ ಅಜರ್ ಅಲಿ ತರಬೇತಿ ಶಿಬಿರಕ್ಕೆ ಬರಲು ನಿರಾಕರಿಸಿದರು. ಅಜರ್ ನಾಯಕತ್ವವನ್ನೇ ಬಿಡಲು ಹೊರಟ. ಮಂಡಳಿಯ ಅಧ್ಯಕ್ಷರು ಮನವೊಲಿಸಿದ ಮೇಲೆ ಇಬ್ಬರೂ ಬಂದರು. ಅವರನ್ನು ಆಗ ಕೆಲವರು ಹಳಿದರು. ನನಗೆ ಅವರ ಮುನಿಸಿನಲ್ಲಿ ನ್ಯಾಯ ಕಂಡಿತು. ಹಣಕ್ಕೆ ಮಾರಿದ ಮೂರು ಎಸೆತಗಳಿಂದ ಹೆಚ್ಚು ನಷ್ಟವಾದದ್ದು ಯಾರಿಗೆ? ಪ್ರಾಮಾಣಿಕವಾಗಿ ಆಡುತ್ತಲೂ ವರ್ಷಗಟ್ಟಲೆ "ನೀವೆಲ್ಲ ಫಿಕ್ಸರ್‌ಗಳು" ಎಂಬ ಮಾತು ಕೇಳಬೇಕಾಗಿ ಬಂದ ಜೊತೆಗಾರರಿಗೆ. ಕ್ಷಮಿಸುವ ಹಕ್ಕಿದ್ದರೆ ಅದು ಅವರದು, ನನ್ನದೂ ನಿಮ್ಮದೂ ಅಲ್ಲ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಆಮಿರ್ ಬೌಲ್ ಮಾಡುವಾಗ ಮೈದಾನದ ಧ್ವನಿವರ್ಧಕದಲ್ಲಿ ಗಲ್ಲಾಪೆಟ್ಟಿಗೆಯ ಸದ್ದು ಕೇಳಿಸಿದರು, ಆಮೇಲೆ ಅಲ್ಲಿನ ಮಂಡಳಿ ಕ್ಷಮೆ ಕೇಳಿತು. ಹಾಸ್ಯ ಎಂದುಕೊಂಡಿದ್ದರೇನೋ. ಹಫೀಜ್‌ನ ಸಿಟ್ಟಿಗೆ ಇದ್ದ ತೂಕ ಅದಕ್ಕಿರಲಿಲ್ಲ.

2017ರ ಜೂನ್ 18, ಓವಲ್, ಚಾಂಪಿಯನ್ಸ್ ಟ್ರೋಫಿ ಫೈನಲ್. ನಮಗೆ ನೆನಪಿಸಿಕೊಳ್ಳಲು ಇಷ್ಟವಿಲ್ಲದ ದಿನ. ಆಮಿರ್‌ನ ಮೂರನೇ ಎಸೆತಕ್ಕೆ ರೋಹಿತ್ ಎಲ್‌ಬಿಡಬ್ಲ್ಯು ಔಟ್. ಆಮೇಲೆ ಕೊಹ್ಲಿಯ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಸ್ಲಿಪ್‌ನಲ್ಲಿ ನೆಲಕ್ಕೆ ಬಿತ್ತು. ಬಿಟ್ಟವನು ಯಾರು? ಅದೇ ಅಜರ್ ಅಲಿ. ಮರು ಎಸೆತಕ್ಕೇ ಕೊಹ್ಲಿ ಪಾಯಿಂಟ್‌ನಲ್ಲಿ ಕ್ಯಾಚ್ ಕೊಟ್ಟು ಹೊರಟ. ಶಿಖರ್ ಧವನ್ ಕೂಡ ಆಮಿರ್‌ಗೇ. 6 ಓವರ್, 16 ರನ್, 3 ವಿಕೆಟ್. ಪಾಕಿಸ್ತಾನ 180 ರನ್ನುಗಳಿಂದ ಗೆದ್ದಿತು. ಹಿಂದಿನ ವರ್ಷ ಏಷ್ಯಾ ಕಪ್‌ನಲ್ಲಿ ಆಮಿರ್‌ನ ಬೌಲಿಂಗನ್ನು ಬಾಯ್ತುಂಬ ಹೊಗಳಿ, ಕೋಲ್ಕತ್ತದಲ್ಲಿ ತನ್ನ ಬ್ಯಾಟನ್ನೇ ಉಡುಗೊರೆ ಕೊಟ್ಟಿದ್ದವನು ಈ ಕೊಹ್ಲಿಯೇ.

ಇನ್ನು ನಿಮ್ಮ ತೋಳ. ಬೌಲರ್ ಕುರಿ ಕಾಯುವವನಲ್ಲ. ಅವನ ಕೈಯಲ್ಲಿ ಇರುವುದು ಒಂದು ಚೆಂಡು, ಅವನ ಪ್ರತಿ ಎಸೆತದ ಮೇಲೆ ಅಂಪೈರ್‌ನ ಕಣ್ಣು, ಹತ್ತಾರು ಕ್ಯಾಮೆರಾಗಳ ಕಣ್ಣು. ಕುರಿ ಕಾಯುವ ಕೆಲಸ ನಾಯಕನದು, ಆಯ್ಕೆಗಾರನದು. ಯಾವ ಹುಡುಗನಿಗೆ ಯಾವಾಗ ಚೆಂಡು ಕೊಡಬೇಕು, ಯಾರು ತಂಡದಲ್ಲಿ ಉಳಿಯಬೇಕು ಎಂದು ತೀರ್ಮಾನಿಸುವವನ ಮಾತಿಗೆ 18ರ ಹುಡುಗ ಎದುರಾಡುವುದಿಲ್ಲ. ಸಲ್ಮಾನ್ ಬಟ್ ಮಾಡಿದ ದೊಡ್ಡ ಅಪರಾಧ ಅದು. ಬಟ್ ಕೂಡ ಶಿಕ್ಷೆ ಮುಗಿಸಿ 2016ರ ಜನವರಿಯಲ್ಲಿ ದೇಶಿ ಕ್ರಿಕೆಟ್‌ಗೆ ಮರಳಿ ಮೊದಲ ಪಂದ್ಯದಲ್ಲೇ ಶತಕ ಹೊಡೆದ. ಹೊಡೆಯಲಿ, ನನ್ನ ಅಭ್ಯಂತರವಿಲ್ಲ. ಆದರೆ 2023ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಮುಖ್ಯ ಆಯ್ಕೆಗಾರ ವಹಾಬ್ ರಿಯಾಜ್‌ಗೆ ಸಲಹೆಗಾರರಲ್ಲೊಬ್ಬನಾಗಿ ಬಟ್‌ನನ್ನು ನೇಮಿಸಿದರು. ಗಲಾಟೆಯಾಗಿ ಮರುದಿನವೇ ಕೈಬಿಟ್ಟರು. ನಿಮ್ಮ ಗಾದೆ ಸಲ್ಲುವುದು ಅಲ್ಲಿಗೆ. ಆಡುವ ಅವಕಾಶ ಬೇರೆ, ಅಧಿಕಾರದ ಸ್ಥಾನ ಬೇರೆ. ಮೊದಲನೆಯದನ್ನು ಶಿಕ್ಷೆ ಮುಗಿದ ದಿನ ಕೊಡಬಹುದು, ಎರಡನೆಯದನ್ನು ಕೊಡದಿದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಆಮಿರ್ ಮೇಲೆ ಇನ್ನೊಂದು ದೂರು ಇದೆ. 2019ರಲ್ಲಿ, 27ನೇ ವಯಸ್ಸಿಗೆ, 36 ಟೆಸ್ಟ್ ಮತ್ತು 119 ವಿಕೆಟ್‌ಗೆ ಟೆಸ್ಟ್ ಕ್ರಿಕೆಟ್ ಬಿಟ್ಟಾಗ "ನಿನಗಾಗಿ ಇಷ್ಟು ಮಾಡಿದೆವು, ಋಣ ತೀರಿಸದೆ ಹೊರಟೆಯಾ" ಎಂದವರಿದ್ದರು. ಈ ಋಣದ ಲೆಕ್ಕ ನನಗೆ ಸರಿಬರುವುದಿಲ್ಲ. ಶಿಕ್ಷೆ ಮುಗಿಸಿದವನನ್ನು ಆಡಿಸುವುದು ದಾನವಾದರೆ ಅವನು ಜೀವನಪೂರ್ತಿ ಕೈಮುಗಿದು ನಿಂತಿರಬೇಕಾಗುತ್ತದೆ. ನಷ್ಟ ಮಾಡಿದ್ದರೆ ಅದನ್ನು ರೂಪಾಯಿ ಪೈಸೆಯಲ್ಲಿ ಕಟ್ಟಿಸಿಕೊಳ್ಳಿ. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ನಾಯಿ ಕಾಳಗ ನಡೆಸಿ 2007ರಲ್ಲಿ 23 ತಿಂಗಳ ಶಿಕ್ಷೆಗೆ ಗುರಿಯಾದಾಗ, ಬದುಕುಳಿದ ನಾಯಿಗಳ ಆರೈಕೆಗೆಂದು ಕೋರ್ಟ್ ಅವನಿಂದ 9 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕಟ್ಟಿಸಿತು. 2009ರಲ್ಲಿ ಫಿಲಡೆಲ್ಫಿಯಾ ತಂಡ ಅವನನ್ನು ಸೇರಿಸಿಕೊಂಡಾಗ ಎಷ್ಟೋ ಜನ ಬೀದಿಗಿಳಿದರು, ಇಂದಿಗೂ ಅವನನ್ನು ಕ್ಷಮಿಸದವರಿದ್ದಾರೆ. ಆದರೆ ಬಾಕಿ ಏನಿತ್ತು, ಎಷ್ಟು ಕಟ್ಟಿದ ಎಂಬುದರಲ್ಲಿ ಗೊಂದಲವಿಲ್ಲ.

ನಮ್ಮಲ್ಲಿ ಇರುವುದು ಗೊಂದಲ ಮಾತ್ರ. 2013ರ ಮೇನಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ಭಾರತದ ವೇಗದ ಬೌಲರ್ ಶ್ರೀಶಾಂತ್‌ನನ್ನು ದೆಹಲಿ ಪೊಲೀಸರು ಹಿಡಿದು ತಿಹಾರ್ ಜೈಲಿಗೆ ಕಳಿಸಿದರು. 2015ರಲ್ಲಿ ಕೋರ್ಟ್ ಪ್ರಕರಣದಿಂದ ಬಿಡುಗಡೆ ಮಾಡಿತು. ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐ ಹಾಕಿದ ಆಜೀವ ನಿಷೇಧ ಮಾತ್ರ ಹಾಗೇ ಉಳಿಯಿತು. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ತೆಗೆಯಿತು, ವಿಭಾಗೀಯ ಪೀಠ ಮತ್ತೆ ಹಾಕಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆಜೀವ ಶಿಕ್ಷೆಯನ್ನು ರದ್ದು ಮಾಡಿ ಮರುಪರಿಶೀಲಿಸಲು ಹೇಳಿತು, ಕೊನೆಗೆ ಅದು 7 ವರ್ಷವಾಗಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2021ರ ಫೆಬ್ರವರಿಯಲ್ಲಿ ಇಲ್ಲೇ ಬೆಂಗಳೂರಿನ ಆಲೂರಿನಲ್ಲಿ ಉತ್ತರ ಪ್ರದೇಶದ ವಿರುದ್ಧ ಕೇರಳದ ಪರವಾಗಿ 5 ವಿಕೆಟ್ ಪಡೆದಾಗ ಶ್ರೀಶಾಂತ್‌ಗೆ 38 ವರ್ಷ. ಇದನ್ನು ಎರಡನೇ ಅವಕಾಶ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ತಪ್ಪಿತಸ್ಥನೆಂದು ಯಾವ ಕ್ರಿಮಿನಲ್ ಕೋರ್ಟೂ ಹೇಳಲಿಲ್ಲ, ಅನುಮಾನವೂ ಹೋಗಲಿಲ್ಲ, ವಯಸ್ಸು ಹೋಯಿತು.

ಕರ್ನಾಟಕ ಪ್ರೀಮಿಯರ್ ಲೀಗ್‌ನ ಕಥೆ ಇನ್ನೂ ವಿಚಿತ್ರ. 2019ರಲ್ಲಿ ಬೆಂಗಳೂರಿನ ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಪೊಲೀಸರು ಆಟಗಾರರನ್ನೂ ತಂಡದ ಮಾಲೀಕರನ್ನೂ ಹಿಡಿದರು, ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಅದೇ ಸುದ್ದಿ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಪಟ್ಟಿಯನ್ನು ರದ್ದುಪಡಿಸಿತು. ಫಿಕ್ಸಿಂಗ್ ಮಾಡಿದರೆ ಕ್ರೀಡಾಪ್ರೇಮಿಗಳಿಗೆ ಮೋಸವಾಯಿತೆಂದು ಅನ್ನಿಸಬಹುದು, ಆದರೆ ಅದು ಭಾರತೀಯ ದಂಡ ಸಂಹಿತೆಯ 420ನೇ ಕಲಂನ ವಂಚನೆಯಾಗುವುದಿಲ್ಲ, ಕ್ರಮ ಕೈಗೊಳ್ಳುವುದಿದ್ದರೆ ಬಿಸಿಸಿಐ ಕೈಗೊಳ್ಳಲಿ ಎಂಬುದು ಆ ತೀರ್ಪಿನ ಸಾರ. ಕಾನೂನು ಇದ್ದಂತೆ ಓದಿದರೆ ನ್ಯಾಯಾಲಯ ಬೇರೇನು ಮಾಡಲು ಸಾಧ್ಯವಿತ್ತು? ಇಂಗ್ಲೆಂಡಿನಲ್ಲಿ ಜೂಜಿನಲ್ಲಿ ಮೋಸ ಮಾಡುವುದನ್ನೇ ಅಪರಾಧವೆಂದು ಹೇಳುವ 2005ರ ಕಾಯ್ದೆ ಇದೆ, ಆಮಿರ್ ಒಳಗೆ ಹೋದ ಆರೋಪಗಳಲ್ಲಿ ಅದೂ ಒಂದು. ಶ್ರೀಲಂಕಾ 2019ರಲ್ಲಿ ಕ್ರೀಡಾ ಅಪರಾಧಗಳಿಗೆಂದೇ ಕಾಯ್ದೆ ಮಾಡಿಕೊಂಡಿತು. ನಮ್ಮ ಕಾನೂನು ಆಯೋಗ 2018ರಲ್ಲೇ ತನ್ನ 276ನೇ ವರದಿಯಲ್ಲಿ ಮ್ಯಾಚ್ ಫಿಕ್ಸಿಂಗ್ ಅನ್ನು ಅಪರಾಧ ಎಂದು ಘೋಷಿಸುವಂತೆ ಶಿಫಾರಸು ಮಾಡಿತ್ತು. ಅಂಥ ಕಾಯ್ದೆ ಬಂದು, ಒಬ್ಬ ಆಟಗಾರ ಅದರಡಿ ಶಿಕ್ಷೆಯಾಗಿ ಅದನ್ನು ಮುಗಿಸಿ ಹೊರಬಂದ ದಿನ ಇದೇ ಪ್ರಶ್ನೆಯನ್ನು ನಮ್ಮವರ ಬಗ್ಗೆ ಕೇಳಿ. ಆಮಿರ್‌ಗೆ ಕೊಟ್ಟ ಉತ್ತರವನ್ನೇ ಕೊಡುತ್ತೇನೆ. ಸದ್ಯಕ್ಕೆ ನಮ್ಮಲ್ಲಿ ಸಿಕ್ಕಿಬಿದ್ದವರಿಗೆ ಮೊದಲ ಶಿಕ್ಷೆಯೂ ಸರಿಯಾಗಿ ಆಗಿಲ್ಲ, ಖುಲಾಸೆಯೂ ಸರಿಯಾಗಿ ಆಗಿಲ್ಲ.